ರೈಫಲ್ ನಳಿಕೆಯ ಹೊರತೋಡು: ‘ಯಾವುದಕ್ಕಿಂತ?’ ಎಂದು ಕೇಳಿಸುವ ಪಾಠ

ತರಗತಿ: 9 ವಿಷಯ: ವಿಜ್ಞಾನ ಅವಧಿ: 40 ನಿಮಿಷ
ಉದ್ದೇಶ: ಹೋಲಿಕೆ ಮಾಡುವಾಗ ಯಾವ ಅಂಶವನ್ನು ಸಮನಾಗಿ ಇಡಬೇಕೆಂಬುದನ್ನು ವಿದ್ಯಾರ್ಥಿಗಳು ಗುರುತಿಸುವರು.

ಪೀಠಿಕೆ: 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಗುಂಡಿಗೆ ಬಲಿಯಾದ ಕಥೆ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಮಕ್ಕಳಿಗೂ ಬಾಯಿಪಾಠ. ಹೀಗಾಗಿ ಬಂದೂಕಿನ ಮಾತು ಬಂದರೆ ತರಗತಿ ಕಿವಿಗೊಡುತ್ತದೆ. ಅಂದಿನ ಕಾಲಾಳುಗಳ ಬಂದೂಕಿನ ನಳಿಕೆ ಬಹುಮಟ್ಟಿಗೆ ಒಳಗೆ ನುಣುಪು. ರೈಫಲ್ಲಿನ ಒಳಗಿನ ಸುರುಳಿ ತೋಡು ಗುಂಡನ್ನು ತಿರುಗಿಸಿ ನೇರ ಕಳಿಸುತ್ತದೆ. ನಮ್ಮ ಪ್ರಶ್ನೆ ಹೊರಮೈಯ ಉದ್ದ ತೋಡುಗಳದ್ದು. ಇವುಗಳಿಂದ ನಳಿಕೆ ಹಗುರಾಗುತ್ತದೆ, ಬೇಗ ತಣಿಯುತ್ತದೆ, ಹೆಚ್ಚು ಬಿಗಿಯಾಗುತ್ತದೆ ಎನ್ನುತ್ತಾರೆ. ದೂರದ ಗುರಿಗೆ ಇದು ಲಾಭವೇ?

ಚಟುವಟಿಕೆ: ಒಂದೇ ಗಾತ್ರದ ಎರಡು ಗಜ್ಜರಿ ಕೊಡಿ. ಒಂದಕ್ಕೆ ಉದ್ದಕ್ಕೆ ಆರು ತೋಡು ಕೊರೆಸಿ, ಎರಡನ್ನೂ ತೂಗಿಸಿ. ತೋಡಿನೊಳಗೆ ಇಳಿಯುವಂತೆ ದಾರ ಸುತ್ತಿಸಿ ಸುತ್ತಳತೆ ಬರೆಸಿ. ತೂಕ ಇಳಿದದ್ದು, ಮೇಲ್ಮೈ ಏರಿದ್ದು ಮಕ್ಕಳ ಕೈಗೇ ಸಿಗುತ್ತದೆ.

ಲೆಕ್ಕ: ಹೊರವ್ಯಾಸ 24 ಮಿ.ಮೀ., ಒಳವ್ಯಾಸ 8 ಮಿ.ಮೀ., ಉದ್ದ 65 ಸೆಂ.ಮೀ. ಇರುವ ಉಕ್ಕಿನ ನಳಿಕೆ ಸುಮಾರು 2 ಕೆ.ಜಿ. ತೂಗುತ್ತದೆ. ಅದಕ್ಕೆ 3 ಮಿ.ಮೀ. ತ್ರಿಜ್ಯದ ಆರು ಅರೆದುಂಡು ತೋಡು ಕೊರೆದರೆ ಸುಮಾರು 400 ಗ್ರಾಂ, ಅಂದರೆ ಶೇ. 20 ಇಳಿಯುತ್ತದೆ. ಹೊರಮೈ ಸುಮಾರು ಶೇ. 20 ಹೆಚ್ಚುತ್ತದೆ.

ಶಾಖ: ಉಕ್ಕು ಕಡಿಮೆಯಾದ್ದರಿಂದ ಅಷ್ಟೇ ಶಾಖಕ್ಕೆ ತಾಪ 1.25 ಪಟ್ಟು ಏರುತ್ತದೆ. ತಣಿಯುವ ವೇಗ ಹೆಚ್ಚೆಂದರೆ 1.5 ಪಟ್ಟು. ಗುಂಡಿನ ನಡುವೆ ಬಿಡುವಿದ್ದರೆ ತೋಡು ಅನುಕೂಲ. ಬೆನ್ನುಬೆನ್ನಿಗೆ ಹೊಡೆದರೆ ನಳಿಕೆ ಮೊದಲೇ ಕಾಯುತ್ತದೆ. ಇಲ್ಲಿ ಬೈಕಿನ ಇಂಜಿನ್ನಿನ ಏಣುಗಳನ್ನು ತೋರಿಸಿ. ಅಲ್ಲಿ ಲೋಹ ಸೇರಿಸಿ ಮೇಲ್ಮೈ ಹೆಚ್ಚಿಸಿದ್ದಾರೆ. ಇಲ್ಲಿ ಲೋಹ ತೆಗೆದು.

ಬಿಗಿ: ತೋಡು ಕೊರೆದ ನಳಿಕೆ ಮೊದಲಿನ ದಪ್ಪ ನಳಿಕೆಗಿಂತ ಬಾಗುವುದಕ್ಕೆ ಸುಮಾರು ಶೇ. 29 ಕಡಿಮೆ ತಡೆ ಒಡ್ಡುತ್ತದೆ. ಆದರೆ ಅಷ್ಟೇ ತೂಕದ, 21.8 ಮಿ.ಮೀ. ಹೊರವ್ಯಾಸದ ನುಣುಪು ನಳಿಕೆಗಿಂತ ಸುಮಾರು ಶೇ. 5 ಹೆಚ್ಚು ತಡೆ ಒಡ್ಡುತ್ತದೆ. ‘ತೋಡಿನಿಂದ ಬಿಗಿ ಹೆಚ್ಚುತ್ತದೆ’ ಎನ್ನುವವರೂ ‘ಕಡಿಮೆಯಾಗುತ್ತದೆ’ ಎನ್ನುವವರೂ ಸರಿಯೇ. ಒಬ್ಬರು ತೂಕ ಸಮವಿಟ್ಟರು, ಇನ್ನೊಬ್ಬರು ಮೊದಲಿನ ದಪ್ಪ ಸಮವಿಟ್ಟರು. ಈ ಶೇಕಡಾವಾರುಗಳನ್ನು ಶಿಕ್ಷಕರೇ ಹಲಗೆಯ ಮೇಲೆ ಕೊಡುವುದು ಒಳ್ಳೆಯದು. ಅವುಗಳ ಸೂತ್ರ ಒಂಬತ್ತನೆಯ ತರಗತಿಗೆ ಭಾರ.

ತೀರ್ಮಾನ: ಬಂದೂಕು ಹೊತ್ತು ನಡೆಯುವವರಿಗೆ 400 ಗ್ರಾಂ ದೊಡ್ಡ ಮಾತು, ಅವರಿಗೆ ತೋಡು ಲಾಭ. ಆಧಾರದ ಮೇಲಿಟ್ಟು ದೂರದ ಗುರಿಗೆ ಸಾಲಾಗಿ ಹೊಡೆಯುವವರಿಗೆ ತೂಕ ಹೊರೆಯಲ್ಲ. ಅವರಿಗೆ ದಪ್ಪ ನುಣುಪು ನಳಿಕೆಯೇ ಮೇಲು. ಗುಂಡು ನೇರ ಹೋಗುವುದಕ್ಕೆ ಒಳಗಿನ ಕೊರೆತದ ಗುಣಮಟ್ಟವೇ ಮುಖ್ಯ, ಹೊರಗಿನ ತೋಡಲ್ಲ.

ಸಹಪಾಠಿ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ: ಉತ್ತರವನ್ನು ಮೊದಲೇ ಹೇಳಬೇಡಿ. ‘ಹೆಚ್ಚು’, ‘ಬೇಗ’, ‘ಗಟ್ಟಿ’ ಎಂಬ ಮಾತು ಬಂದಾಗಲೆಲ್ಲ ‘ಯಾವುದಕ್ಕಿಂತ?’ ಎಂದು ಮಕ್ಕಳೇ ಕೇಳುವಂತಾಗಲಿ. ಬೀಜ, ಗೊಬ್ಬರ, ಪಂಪ್‌ಸೆಟ್ ಮಾರುವವರ ಮಾತಿಗೂ ನಾಳೆ ಅವರು ಇದೇ ಪ್ರಶ್ನೆ ಹಾಕಬೇಕು.

ಮೌಲ್ಯಮಾಪನ: ಮನೆಯ ಪಂಪ್‌ಸೆಟ್ ಮೋಟಾರಿನ ಹೊರಮೈಯ ಏಣುಗಳನ್ನು ನೋಡಿ, ಅವುಗಳನ್ನು ಹೆರೆದು ತೆಗೆದರೆ ತೂಕ, ಮೇಲ್ಮೈ, ತಾಪ ಏನಾಗುವುವೆಂದು ಮೂರು ವಾಕ್ಯಗಳಲ್ಲಿ ಬರೆಯಿರಿ.