ಒಂದೇ ಅಂಕಿ ಹಿಡಿದು ಅಳಬೇಡ

ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ರಿಪೋರ್ಟಿನ ಫೋಟೊ ಕಳಿಸಿದ್ದೆಯಲ್ಲ, ಪುಟ್ಟಿ, ಬೀಟಾ ಎಚ್‌ಸಿಜಿ 412 ಅಂತ. ಅದರ ಕೆಳಗೆ ಒಂದೇ ಸಾಲು: "ದೊಡ್ಡಮ್ಮ, ಇದು ಕಡಿಮೆ ಅಲ್ವಾ?"

ಲ್ಯಾಬಿನಲ್ಲಿ ಮೂವತ್ತು ವರ್ಷ ರಕ್ತ ತೆಗೆದವಳು ನಾನು. ಆದರೂ ನನ್ನ ಉತ್ತರ ಇಷ್ಟೇ: ಗೊತ್ತಿಲ್ಲ. ನಿನ್ನ ಡಾಕ್ಟರಿಗೂ ಗೊತ್ತಾಗುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬೇಡಿ ಅಂತ ನಮ್ಮನ್ನು ಬೈಯುತ್ತಿದ್ದರು. ನೀವು ಈಗಿನವರು ಕುಲಾವಿ ಬಿಟ್ಟು ಅಳುವುದಕ್ಕೇ ಶುರು ಮಾಡುತ್ತೀರಿ.

ಬಸಿರಿನ ಈ ಹಾರ್ಮೋನಿಗೆ ಪಟ್ಟಿಗಳಲ್ಲಿ ಐದನೇ ವಾರಕ್ಕೆ 18ರಿಂದ 7,340ರವರೆಗೆ ಅಂತ ಅಚ್ಚಾಗಿರುತ್ತದೆ. ಅಷ್ಟು ಅಗಲದ ಅಳತೆಯಲ್ಲಿ ಒಂದು ಅಂಕಿ ಏನು ಹೇಳೀತು? ಅದೂ ಅಲ್ಲದೆ ವಾರ ಎಣಿಸುವುದು ಕೊನೆಯ ಮುಟ್ಟಿನ ದಿನದಿಂದ. ನಿನಗೆ ಮೊದಲಿನಿಂದಲೂ ಮುಟ್ಟು ಮೂವತ್ತೈದು ನಲವತ್ತು ದಿನಕ್ಕೊಮ್ಮೆ. ಅಂದರೆ ಅಂಡ ಬಿಡುಗಡೆಯಾದದ್ದೇ ತಡವಾಗಿರುತ್ತದೆ. ಐದು ವಾರ ಅಂತ ನೀನು ಎಣಿಸಿದ್ದು ನಿಜದಲ್ಲಿ ನಾಲ್ಕೇ ಇರಬಹುದು.

ನೋಡಬೇಕಾದದ್ದು ಏರುವ ರೀತಿಯನ್ನು. 48 ಗಂಟೆ ಬಿಟ್ಟು ಇನ್ನೊಮ್ಮೆ ರಕ್ತ ಕೊಡಬೇಕು. ಅಷ್ಟರಲ್ಲಿ ಎರಡು ಪಟ್ಟು ಆಗಲೇಬೇಕು ಅಂತ ಎಲ್ಲರ ಬಾಯಲ್ಲೂ ಇದೆ. ಅದು ಸರಿಯಲ್ಲ. ಮೊದಲ ಅಂಕಿ 1,500ರ ಕೆಳಗಿದ್ದರೆ ಎರಡು ದಿನಕ್ಕೆ ಶೇಕಡ 49ರಷ್ಟು ಏರುವುದು ಚೆನ್ನಾಗಿರುವ ಗರ್ಭಕ್ಕೂ ಕನಿಷ್ಠದ ಗಡಿ ಅಂತ ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2018ರಲ್ಲಿ ಹೇಳಿತು. ನಿನ್ನ ಲೆಕ್ಕಕ್ಕೆ ಅದು 614. 824 ಬರಲಿಲ್ಲ ಅಂತ ಎದೆ ಒಡೆದುಕೊಳ್ಳಬೇಡ. ಅಂಕಿ ದೊಡ್ಡದಾದಷ್ಟೂ ಏರಿಕೆ ನಿಧಾನವಾಗುತ್ತದೆ. ಮೂರನೇ ತಿಂಗಳಿನ ಹೊತ್ತಿಗೆ ತುದಿ ಮುಟ್ಟಿ ತಾನಾಗಿಯೇ ಇಳಿಯುತ್ತದೆ. ಅದು ಸಹಜ. ಎದೆಬಡಿತ ಕಂಡಮೇಲೆ ಈ ಪರೀಕ್ಷೆಗೆ ದುಡ್ಡು ಸುರಿಯುವುದು ದಂಡ.

ಎರಡನೇ ಸಲವೂ ಅದೇ ಲ್ಯಾಬಿಗೇ ಹೋಗು. ಒಬ್ಬ ಹುಡುಗಿ ಮೊದಲ ಸಲ ನಮ್ಮಲ್ಲಿ ಕೊಟ್ಟು, ಎರಡನೆಯದನ್ನು ಮನೆ ಹತ್ತಿರ ಅಂತ ಬೇರೆ ಕಡೆ ಕೊಟ್ಟಳು. ಅಂಕಿ ಏರಿದ್ದು ಬರೀ ಚೂರು. ಅತ್ತೆ ಮನೆಯಲ್ಲಿ ಊಟ ಬಿಟ್ಟರು. ಮಾರನೇ ದಿನ ಡಾಕ್ಟರು ನಮ್ಮಲ್ಲೇ ಮತ್ತೆ ತೆಗೆಸಿದಾಗ ಅದು ಸರಿಯಾಗೇ ಏರಿತ್ತು. ಯಾರದ್ದೂ ತಪ್ಪಲ್ಲ. ಯಂತ್ರ ಬೇರೆ, ಕಿಟ್ ಬೇರೆ, ಅಳತೆ ಬೇರೆ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ದರೆ ಅದನ್ನೂ ಲ್ಯಾಬಿನವರಿಗೆ ಹೇಳು. ಕೆಲವು ಯಂತ್ರಗಳ ಲೆಕ್ಕ ಅದರಿಂದ ತಪ್ಪುತ್ತದೆ.

ಅಂದಹಾಗೆ, ಈ ಬೀಟಾ ಪರೀಕ್ಷೆಯನ್ನು ಕಂಡುಹಿಡಿದದ್ದು ಬಸುರಿಯರಿಗಾಗಿ ಅಲ್ಲ. ಜೂಡಿತ್ ವೈಟುಕೈಟಿಸ್ ಮತ್ತು ಸಂಗಡಿಗರು 1972ರಲ್ಲಿ ಅದನ್ನು ಪ್ರಕಟಿಸಿದಾಗ ಅವರ ಕಣ್ಣಿದ್ದದ್ದು ಆ ಹಾರ್ಮೋನು ಸುರಿಸುವ ಕ್ಯಾನ್ಸರ್ ಗಡ್ಡೆಗಳ ಮೇಲೆ. ನಿನ್ನಜ್ಜಿಗೆ ನಾಲ್ಕೂ ಬಸಿರು ತಿಳಿದದ್ದು ಒಗ್ಗರಣೆ ವಾಸನೆಗೆ ವಾಂತಿ ಬಂದಾಗಲೇ.

ಪ್ರೊಜೆಸ್ಟರಾನ್ ಕೂಡ ನೋಡಿಸಲೇ ಅಂದೆ. ನೋಡಿಸಬಹುದು. 5ಕ್ಕಿಂತ ಕಡಿಮೆ ಬಂದರೆ ಗರ್ಭ ನಿಲ್ಲುವುದು ಅಪರೂಪ, 20 ದಾಟಿದರೆ ಹೆಚ್ಚಿನವು ನಿಲ್ಲುತ್ತವೆ. ನಡುವಿನ ಅಂಕಿಯಿಂದ ಏನೂ ಬಗೆಹರಿಯುವುದಿಲ್ಲ. ಕಡಿಮೆ ಇದೆ ಅಂದ ಕೂಡಲೇ ಎಲ್ಲರೂ ಗುಳಿಗೆ ಕೇಳುತ್ತಾರೆ. ಎಷ್ಟೋ ಸಲ ಗರ್ಭ ಸೋಲುತ್ತಿರುವುದರಿಂದಲೇ ಹಾರ್ಮೋನು ಇಳಿದಿರುತ್ತದೆ, ಹಾರ್ಮೋನು ಇಳಿದದ್ದರಿಂದ ಗರ್ಭ ಸೋತದ್ದಲ್ಲ. ಬ್ರಿಟನ್ನಿನಲ್ಲಿ ರಕ್ತಸ್ರಾವವಾಗುತ್ತಿದ್ದ 4,153 ಬಸುರಿಯರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧಿ ಪಡೆದವರಲ್ಲಿ ನೂರಕ್ಕೆ 75 ಜನರಿಗೆ ಜೀವಂತ ಹೆರಿಗೆಯಾಯಿತು, ಪಡೆಯದವರಲ್ಲಿ 72. ಹಿಂದೆ ಗರ್ಭ ಕಳೆದುಕೊಂಡಿದ್ದವರಿಗೆ ಮಾತ್ರ ಲಾಭ ಎದ್ದು ಕಂಡಿತು. ನಿನ್ನದು ಮೊದಲ ಬಸಿರು, ರಕ್ತವೂ ಕಂಡಿಲ್ಲ. ಡಾಕ್ಟರು ಹೇಳಿದರೆ ತಗೊ, ಮೆಡಿಕಲ್ ಶಾಪಿನವನು ಹೇಳಿದ ಅಂತ ಬೇಡ.

ಕೊನೆಗೆ ತೀರ್ಮಾನ ಮಾಡುವುದು ಸ್ಕ್ಯಾನ್. ಅಲ್ಲೂ ಅವಸರ ಸಲ್ಲದು. ಒಳಗಿನ ಸ್ಕ್ಯಾನಿನಲ್ಲಿ ಭ್ರೂಣ 7 ಮಿಲಿಮೀಟರ್ ಆಗಿದ್ದೂ ಎದೆಬಡಿತ ಇಲ್ಲದಿದ್ದರೆ, ಇಲ್ಲವೇ ಚೀಲ 25 ಮಿಲಿಮೀಟರ್ ಆಗಿದ್ದೂ ಒಳಗೆ ಭ್ರೂಣ ಕಾಣದಿದ್ದರೆ ಮಾತ್ರ ಹೋಯಿತು ಅನ್ನಬೇಕು. ಅದಕ್ಕಿಂತ ಚಿಕ್ಕದಿದ್ದರೆ ವಾರ, ಹತ್ತು ದಿನ ಬಿಟ್ಟು ಮತ್ತೆ ನೋಡಿ ಅನ್ನು. ಒಂದೇ ಸ್ಕ್ಯಾನಿಗೆ ಕ್ಲೀನ್ ಮಾಡಿಸಿಬಿಡೋಣ ಅಂದರೆ ಒಪ್ಪಬೇಡ.

ಒಂದು ಪಕ್ಷ ನಿಲ್ಲದೇ ಹೋದರೆ ಪಪ್ಪಾಯಿ ತಿಂದೆಯಾ, ಸ್ಕೂಟರ್ ಓಡಿಸಿದೆಯಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಮೊದಲ ವಾರಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ವರ್ಣತಂತುಗಳ ಎಡವಟ್ಟು. ಕೇಳಿದವರನ್ನು ನನ್ನ ಹತ್ತಿರ ಕಳಿಸು.

ಆದರೆ ಒಂದು ವಿಷಯಕ್ಕೆ ಕಾಯಬೇಡ. ನೂರು ಬಸಿರಿನಲ್ಲಿ ಒಂದೋ ಎರಡೋ ಗರ್ಭಕೋಶದ ಹೊರಗೆ, ಹೆಚ್ಚಾಗಿ ನಾಳದಲ್ಲಿ ಕೂರುತ್ತವೆ. ಅಂಥದ್ದರಲ್ಲೂ ಅಂಕಿ ಚೆನ್ನಾಗಿಯೇ ಏರಬಹುದು. ಕೆಳಹೊಟ್ಟೆಯ ಒಂದೇ ಪಕ್ಕ ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತಿ ಕಣ್ಣು ಕತ್ತಲೆ, ಇವುಗಳಲ್ಲಿ ಯಾವುದೇ ಬಂದರೂ ರಿಪೋರ್ಟಿಗೆ ಕಾಯದೆ ಆಗಲೇ ಆಸ್ಪತ್ರೆಗೆ ಹೊರಡು, ನಡುರಾತ್ರಿಯಾದರೂ ಸರಿ.

ಇಲ್ಲದಿದ್ದರೆ ನಾಳೆ ಬೆಳಗ್ಗೆ ಹೋಗು. ಮೊದಲ ಸಲ ಎಷ್ಟು ಗಂಟೆಗೆ ಕೊಟ್ಟಿದ್ದೆಯೋ ನೆನಪಿಸಿಕೊಂಡು ಅದೇ ಹೊತ್ತಿಗೆ ಕೊಡು. ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. ತಿಂಡಿ ತಿಂದುಕೊಂಡು ಹೋಗು.