ಊರಿಂದ ತಂದ ಮುಲಾಮು ಹಚ್ಚುವ ಮುನ್ನ

ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮವರ ಸೂಟ್‌ಕೇಸುಗಳಲ್ಲಿ ಸಾರಿನಪುಡಿ, ಚಟ್ನಿಪುಡಿಯ ಜೊತೆಗೆ ಔಷಧಿಗಳದ್ದೊಂದು ಚೀಲ ಇದ್ದೇ ಇರುತ್ತದೆ. ಅದರಲ್ಲಿ ಸೋಫ್ರಾಮೈಸಿನ್, ಟಿ-ಬ್ಯಾಕ್ಟ್, ಜೊತೆಗೆ ಮೆಡಿಕಲ್ ಸ್ಟೋರಿನವರು ‘ಎಲ್ಲದಕ್ಕೂ ಆಗುತ್ತೆ’ ಎಂದು ಕೊಟ್ಟ ಇನ್ನೊಂದು ಟ್ಯೂಬು. ನನಗೆ ಆತಂಕವಿರುವುದು ಈ ಮೂರನೆಯದರ ಬಗ್ಗೆ. ಅಂಥ ಹಲವು ಕ್ರೀಮುಗಳಲ್ಲಿ ಆಂಟಿಬಯೋಟಿಕ್, ಶಿಲೀಂಧ್ರದ ಔಷಧಿ, ಸ್ಟೀರಾಯ್ಡ್ ಮೂರೂ ಬೆರೆತಿರುತ್ತವೆ. ಸ್ಟೀರಾಯ್ಡ್ ಬೇಗನೆ ತುರಿಕೆ, ಕೆಂಪು ಇಳಿಸುತ್ತದೆ. ವಾಸಿಯಾಯಿತೆಂದು ನಾವು ನೆಮ್ಮದಿಯಾಗಿರುವಾಗ ಸೋಂಕು ಹರಡುತ್ತಲೇ ಇರಬಹುದು. ಹುಳುಕಡ್ಡಿಗೆ ಹಚ್ಚಿದರಂತೂ ಅದು ಇನ್ನಷ್ಟು ಬೇರೂರುತ್ತದೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್ ಅಥವಾ ಕ್ಲೋಬೆಟಾಸಾಲ್ ಎಂದಿದ್ದರೆ ಅದು ಸ್ಟೀರಾಯ್ಡ್. ಅದನ್ನು ಡಾಕ್ಟರನ್ನು ಕೇಳದೆ ಮಕ್ಕಳಿಗೆ ಹಚ್ಚಲೇಬೇಡಿ.

ಡೇಕೇರ್‌ಗೆ ಹೋಗುವ ಮಕ್ಕಳಲ್ಲಿ, ಅದರಲ್ಲೂ 2ರಿಂದ 5 ವರ್ಷದವರಲ್ಲಿ, ಹೆಚ್ಚಾಗಿ ಕಾಣುವ ಚರ್ಮದ ಸೋಂಕು ಇಂಪೆಟಿಗೋ. ಸೊಳ್ಳೆ ಕಚ್ಚಿ ಕೆರೆದ ಜಾಗ, ತರಚಿದ ಗಾಯ, ಎಕ್ಸಿಮಾದ ಬಿರುಕು, ಇಂಥಲ್ಲಿ ಸ್ಟ್ಯಾಫ್ ಅಥವಾ ಸ್ಟ್ರೆಪ್ ಬ್ಯಾಕ್ಟೀರಿಯಾ ಒಳಹೊಕ್ಕು ಶುರುವಾಗುತ್ತದೆ. ಮೂಗು, ಬಾಯಿಯ ಸುತ್ತ ಸಣ್ಣ ಗುಳ್ಳೆಗಳೆದ್ದು ಒಡೆದು, ಸೋರಿ, ಜೇನಿನ ಬಣ್ಣದ ಹಕ್ಕಳೆ ಕಟ್ಟುತ್ತವೆ. ನಮ್ಮ ಕಂದು ಚರ್ಮದಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ. ಹಾಗಾಗಿ ಕೈಯ ಹಿಂಬದಿಯಿಂದ ಮುಟ್ಟಿ ನೋಡಿ: ಸುತ್ತಲ ಚರ್ಮ ಬಿಸಿಯಾಗಿದೆಯೇ, ಮಗು ನೋವೆನ್ನುತ್ತದೆಯೇ? ಡಾಕ್ಟರಿಗೆ ಫೋನಿನಲ್ಲಿ ವಿವರಿಸುವಾಗಲೂ ಇದನ್ನು ಹೇಳಿ.

ಕೆಲವೇ ಗುಳ್ಳೆಗಳಿದ್ದರೆ ಹಚ್ಚುವ ಮುಲಾಮೇ ಸಾಕಾಗುತ್ತದೆ. ಇಲ್ಲಿನ ಡಾಕ್ಟರರು ಸಾಮಾನ್ಯವಾಗಿ ಬರೆದುಕೊಡುವುದು ಮ್ಯುಪಿರೋಸಿನ್. ನಮ್ಮ ಟಿ-ಬ್ಯಾಕ್ಟ್‌ನಲ್ಲಿರುವುದೂ ಅದೇ, ಆದರೆ ಅಮೆರಿಕದಲ್ಲಿ ಅದಕ್ಕೆ ಚೀಟಿ ಬೇಕು. ಚೀಟಿಯಿಲ್ಲದೆ ಸಿಗುವ ನಿಯೋಸ್ಪೋರಿನ್ ಅದರ ಬದಲಿಯಲ್ಲ. ಅದರಲ್ಲಿರುವ ನಿಯೋಮೈಸಿನ್ ಕೆಲವರಿಗೆ ಅಲರ್ಜಿ ತರಿಸುತ್ತದೆ. ಆ ತುರಿಕೆಯನ್ನೇ ಸೋಂಕೆಂದು ತಿಳಿದು ಮತ್ತಷ್ಟು ಹಚ್ಚುವವರಿದ್ದಾರೆ. ಸೋಂಕಿಲ್ಲದ ತರಚುಗಾಯಕ್ಕೆ ಆಂಟಿಬಯೋಟಿಕ್ ಬೇಕಿಲ್ಲ. ಸೋಪು-ನೀರಿನಲ್ಲಿ ತೊಳೆದು, ವ್ಯಾಸಲೀನ್ ಸವರಿ, ಬ್ಯಾಂಡೇಜ್ ಹಾಕಿದರೆ ಸಾಕು.

ಹಚ್ಚುವ ಕ್ರಮದಲ್ಲಿ ಅನೇಕರು ಎಡವುವುದು ಹಕ್ಕಳೆಯ ಮೇಲೇ ಮುಲಾಮು ಮೆತ್ತುವುದರಲ್ಲಿ. ಬೆಚ್ಚನೆಯ ನೀರಿನಲ್ಲಿ ಅದ್ದಿದ ಮೆತ್ತನೆ ಬಟ್ಟೆಯನ್ನು ಕೆಲವು ನಿಮಿಷ ಇಟ್ಟು ಹಕ್ಕಳೆಯನ್ನು ನೆನೆಸಿ. ಕೀಳಬೇಡಿ, ತಾನಾಗಿ ಸಡಿಲವಾದಷ್ಟನ್ನು ಒರೆಸಿ. ಒಣಗಿಸಿ ತೆಳುವಾಗಿ ಹಚ್ಚಿ, ಮುಂಚೆಯೂ ಆಮೇಲೂ ಕೈ ತೊಳೆಯಿರಿ. ಸಾಮಾನ್ಯವಾಗಿ ದಿನಕ್ಕೆ ಎರಡು-ಮೂರು ಸಲ, ಸುಮಾರು 5 ದಿನ. ನಿಮ್ಮ ಚೀಟಿಯಲ್ಲಿ ಬರೆದಿರುವುದೇ ಅಂತಿಮ. ಎರಡನೇ ದಿನ ಒಣಗಿತೆಂದು ನಿಲ್ಲಿಸಬೇಡಿ, ಉಳಿದದ್ದನ್ನು ತಂಗಿಗೋ ಪಕ್ಕದ ಮನೆಯ ಮಗುವಿಗೋ ಕೊಡಬೇಡಿ. ಮಗುವಿನ ಟವೆಲ್ ಬೇರೆ ಇರಲಿ, ಉಗುರು ಕತ್ತರಿಸಿ. ವಿಡಿಯೋ ಕಾಲಿನಲ್ಲಿ ಅಜ್ಜಿ ಪ್ರೀತಿಯಿಂದ ಅರಿಸಿನ ಹಚ್ಚಲು ಹೇಳಿದರೂ, ಸೋರುವ ಗಾಯಕ್ಕೆ ಅದು ಬೇಡ.

ಮೂರರಿಂದ ಐದು ದಿನದಲ್ಲಿ ಇಳಿಯದಿದ್ದರೆ ಮತ್ತೆ ಡಾಕ್ಟರಿಗೆ ತೋರಿಸಿ. ಜ್ವರ, ಬೇಗ ಹರಡುವ ಊತ, ಗಾಯದಿಂದ ಹೊರಟ ಕೆಂಪು ಗೆರೆ, ಕೀವು ತುಂಬಿದ ಕುರು, ಕಣ್ಣಿನ ಸುತ್ತ ಸೋಂಕು, ಇವುಗಳಿಗೆ ಮುಲಾಮು ಸಾಲದು, ಅದೇ ದಿನ ತೋರಿಸಬೇಕು. ಪುಟ್ಟ ಕೂಸಿಗೆ ಗುಳ್ಳೆ ಒಂದೇ ಇದ್ದರೂ ಕಾಯಬೇಡಿ. ಚಿಕಿತ್ಸೆ ಶುರುವಾಗಿ 24 ಗಂಟೆಯ ನಂತರ ಸಾಮಾನ್ಯವಾಗಿ ಶಾಲೆಗೆ ಸೇರಿಸಿಕೊಳ್ಳುತ್ತಾರೆ. ನಿಮ್ಮ ಶಾಲೆಯ ನಿಯಮ ಕೇಳಿಕೊಳ್ಳಿ.

ಖರ್ಚಿಗೆ ಹೆದರಿ ಹಳೆಯ ಟ್ಯೂಬಿನಲ್ಲೇ ದಿನ ದೂಡುವವರನ್ನು ನೋಡಿ ಸಂಕಟವಾಗುತ್ತದೆ. ಹಲವು ಮಕ್ಕಳ ಕ್ಲಿನಿಕ್ಕುಗಳಲ್ಲಿ ನರ್ಸ್ ಜೊತೆ ಫೋನಿನಲ್ಲಿ ಮಾತಾಡಬಹುದು. ಮ್ಯುಪಿರೋಸಿನ್ ಬರೆಯುವಾಗ ಜೆನೆರಿಕ್ ಆಯಿಂಟ್‌ಮೆಂಟ್ ಆಗುತ್ತದೆಯೇ ಎಂದು ಕೇಳಿ, ಅದು ಸಾಮಾನ್ಯವಾಗಿ ಕ್ರೀಮಿಗಿಂತ ಅಗ್ಗ. ಇಂದೇ ಔಷಧಿ ಚೀಲ ತೆರೆದು ಪ್ರತಿ ಟ್ಯೂಬಿನ ಮೇಲಿನ ಹೆಸರು ಓದಿ.