ಕೀಲಿ ಯಾರ ಕೈಯಲ್ಲಿತ್ತು?

ಹೆಬ್ಬಾಳ, ಯಲಹಂಕದ ಬಳ್ಳಾರಿ ರಸ್ತೆಯುದ್ದಕ್ಕೂ ಹೋಟೆಲು, ಪಾರ್ಟಿ ಹಾಲ್‌ಗಳು. ಊಟಕ್ಕೆ ಹೋಗಿ ಕಾರು ಕಳೆದುಕೊಂಡು ಬರುವ ಕಕ್ಷಿದಾರರಿಗೆ ವಕೀಲನಾಗಿ ನಾನು ಹೇಳುವ ಮಾತುಗಳಿವು.

1. ನಾನು ಮೊದಲು ಕೇಳುವುದು ಕೀಲಿಯ ವಿಚಾರ. ಗೇಟಿನ ಹುಡುಗ ಕೀಲಿ ಇಸಿದುಕೊಂಡು ಚೀಟಿ ಹರಿದುಕೊಟ್ಟನೆಂದರೆ ಕಾರು ಹೋಟೆಲಿನ ವಶಕ್ಕೆ ಹೋಯಿತು. ಒಪ್ಪಿಸಿಕೊಂಡ ವಸ್ತುವನ್ನು ತನ್ನದೇ ವಸ್ತುವಿನಷ್ಟು ಜತನದಿಂದ ಕಾಯಬೇಕೆಂದು 1872ರ ಕರಾರು ಕಾಯ್ದೆಯ 151ನೇ ಕಲಂ ಹೇಳುತ್ತದೆ. ನೀವೇ ನಿಲ್ಲಿಸಿ ಕೀಲಿ ಜೇಬಿಗಿಟ್ಟುಕೊಂಡು ಒಳಗೆ ಹೋಗಿದ್ದರೆ ಕೇಸು ಅಷ್ಟು ಬಿಗಿಯಾಗಿರುವುದಿಲ್ಲ.

2. ಚೀಟಿಯ ಹಿಂದಿನ ಸಣ್ಣಕ್ಷರಕ್ಕೆ ಹೆದರಬೇಡಿ. "ಓನರ್ಸ್ ರಿಸ್ಕ್ ಅಂತ ಬರ್ದಿದೆಯಲ್ಲ ಸಾರ್" ಎಂದು ಮ್ಯಾನೇಜರ್ ಚೀಟಿ ತಿರುಗಿಸಿ ತೋರಿಸುತ್ತಾರೆ. 1998ರ ಆಗಸ್ಟ್ 1ರ ರಾತ್ರಿ ದೆಹಲಿಯ ತಾಜ್ ಮಹಲ್ ಹೋಟೆಲಿನ ಚೀಟಿಯಲ್ಲೂ ಹಾಗೇ ಇತ್ತು. ಅತಿಥಿ ಊಟ ಮುಗಿಸಿ ಬರುವಷ್ಟರಲ್ಲಿ ಯಾರೋ ಕೀಲಿ ಎತ್ತಿಕೊಂಡು ಅವರ ಮಾರುತಿ ಝೆನ್ ಓಡಿಸಿಕೊಂಡು ಹೋಗಿದ್ದರು. ಸುಪ್ರೀಂ ಕೋರ್ಟ್ 2019ರ ನವೆಂಬರ್ 14ರಂದು ಹೋಟೆಲನ್ನೇ ಹೊಣೆ ಮಾಡಿತು. ಪೀಠದಲ್ಲಿದ್ದವರು ನಮ್ಮ ಹಾವೇರಿ ಜಿಲ್ಲೆಯ ನ್ಯಾಯಮೂರ್ತಿ ಮೋಹನ ಶಾಂತನಗೌಡರ ಮತ್ತು ನ್ಯಾ. ಅಜಯ್ ರಸ್ತೋಗಿ. ಸ್ವಂತ ಅಜಾಗರೂಕತೆಯ ಹೊಣೆಯಿಂದ ಚೀಟಿ ಬರೆದು ತಪ್ಪಿಸಿಕೊಳ್ಳಲಾಗದು. ಕಾರು ಹೇಗೆ ಹೋಯಿತೆಂದು ವಿವರಿಸುವ ಭಾರ ಮೊದಲು ಹೋಟೆಲಿನ ಮೇಲೆ. ಕಾರು ನಿಲ್ಲಿಸಿಕೊಡುವ ವ್ಯಾಲೆಟ್ ಸೇವೆ ಪುಕ್ಕಟೆ ಎಂಬ ವಾದವೂ ನಿಲ್ಲಲಿಲ್ಲ. ಊಟದ ಬಿಲ್ಲಿನಲ್ಲೇ ಅದರ ಬೆಲೆ ಸೇರಿರುತ್ತದೆ. ಒಂದು ಝೆನ್ ಕಾರಿಗೆ 21 ವರ್ಷ! ಅಷ್ಟು ದೂರ ಮತ್ತೊಬ್ಬರು ನಡೆಯಬೇಕಾಗದಂತೆ ಆ ಕಾರಿನವರು ದಾರಿ ಸವೆಸಿಕೊಟ್ಟಿದ್ದಾರೆ. ನಾನು ಕಳಿಸುವ ನೋಟಿಸುಗಳಲ್ಲಿ ಈ ತೀರ್ಪು ಮೊದಲ ಪುಟದಲ್ಲೇ ಇರುತ್ತದೆ.

3. ಚೀಟಿಯ ಎರಡೂ ಬದಿಯ ಫೋಟೊ ಕೂಡಲೇ ತೆಗೆದುಕೊಳ್ಳಿ. ಬಾಲ್‌ಪೆನ್ನಿನಲ್ಲಿ ಗೀಚಿದ ಗಾಡಿ ನಂಬರೇ ನಿಮ್ಮ ಸಾಕ್ಷಿ.

4. ಅದೇ ರಾತ್ರಿ 112ಕ್ಕೆ ಫೋನ್ ಮಾಡಿ, ಠಾಣೆಯಲ್ಲಿ ಎಫ್‌ಐಆರ್ ಹಾಕಿಸಿ. ಆರ್.ಟಿ. ನಗರವೋ ಯಶವಂತಪುರವೋ, ಸರಹದ್ದು ನಮ್ಮದಲ್ಲ ಎಂದರೆ ಸರಹದ್ದು ನೋಡದೆ ದಾಖಲಿಸುವ ಜೀರೋ ಎಫ್‌ಐಆರ್ ಕೇಳಿ. ಸಿಸಿಟಿವಿ ದೃಶ್ಯ ಅಳಿಸಬೇಡಿ ಎಂದು ಹೋಟೆಲಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ದಾಖಲಾಗುತ್ತ ಹೋಗುತ್ತದೆ.

5. ವಿಮೆ ಯಾವುದೆಂದು ನೋಡಿಕೊಳ್ಳಿ. 2019ರ ಫೆಬ್ರವರಿ 23ರಂದು ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನದ ಪಾರ್ಕಿಂಗ್‌ನಲ್ಲಿ ಸುಮಾರು 300 ಕಾರು ಸುಟ್ಟವು. ಬರೀ ಥರ್ಡ್ ಪಾರ್ಟಿ ಪಾಲಿಸಿ ಸ್ವಂತ ಕಾರಿನ ಬೆಂಕಿಗೂ ಕಳ್ಳತನಕ್ಕೂ ಬರುವುದಿಲ್ಲ. ಪೂರ್ಣ ವಿಮೆಯಿದ್ದರೆ ಕಂಪನಿ ದುಡ್ಡು ಕೊಟ್ಟು ಹೋಟೆಲಿನಿಂದ ವಸೂಲಿಗೆ ಹೊರಡುತ್ತದೆ. ಆಗ ವಸೂಲಿಯ ಹಕ್ಕನ್ನು ಕಂಪನಿಗೆ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿ ಕೈತೊಳೆದುಕೊಳ್ಳದೆ ನೀವೂ ಜೊತೆ ದೂರುದಾರರಾಗಿ. ದೆಹಲಿ ಪ್ರಕರಣದಲ್ಲಿ ಕಾರಿನ ಮಾಲೀಕರೂ ದೂರುದಾರರಾಗಿದ್ದರು. ಅವರ ತೊಂದರೆಗೆಂದೇ ಬೇರೆ ಪರಿಹಾರ ಸಿಕ್ಕಿತು.

6. ಕಾರಿನೊಳಗಿನ ಲ್ಯಾಪ್‌ಟಾಪ್, ಒಡವೆ ಸಾಮಾನ್ಯ ವಾಹನ ವಿಮೆಗೆ ಸೇರುವುದಿಲ್ಲ. ಅವು ಒಳಗಿದ್ದವೆಂದು ರುಜುವಾತು ಮಾಡುವುದೂ ಕಷ್ಟ. ಇಳಿಯುವಾಗ ಜೊತೆಗೇ ಒಯ್ಯಿರಿ.

7. ಹೋಟೆಲು ಜಗ್ಗದಿದ್ದರೆ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ಹೋಗಿ. ನಗರದ ಆಯೋಗಗಳು ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿವೆ. ದೂರನ್ನು ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಹೋಟೆಲಿಗೆ ಕೊಟ್ಟ ಹಣ 5 ಲಕ್ಷ ದಾಟದಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಲೂಬಹುದು.